ರಾಗಿಯ ಡಿಎನ್‌ಎ ಫೈಲ್‌ಗೆ ಕತ್ತರಿ ಹಾಕೋದು ಹೇಗೆ?

ಹಲಸೂರಿಗೂ ಇಂದಿರಾನಗರಕ್ಕೂ ನಡುವೆ ಇರೋ ಜೋಗುಪಾಳ್ಯದ ಒಂದು ರೂಮ್. ನಾಲ್ಕು ಜನ, ನಾಲ್ಕು ಲ್ಯಾಪ್‌ಟಾಪ್, ಒಂದು ಮಿನಿ ಪ್ರಾಜೆಕ್ಟ್. ಇಂಟರ್ನೆಟ್‌ನಿಂದ ಇಳಿಸಿಕೊಂಡ ರಾಗಿಯ ಡಿಎನ್‌ಎ ಫೈಲ್ ಎರಡು. ಒಂದೊಂದೂ 9 ಜಿಬಿ, ಅದೂ ಕಂಪ್ರೆಸ್ ಆದಮೇಲೆ. ಒಬ್ಬರ ಲ್ಯಾಪ್‌ಟಾಪ್‌ನಲ್ಲಿ ಓಡಿಸಿದ್ರೆ ರಾತ್ರಿ ಪೂರ್ತಿ ಬೇಕು. ಅದಕ್ಕೇ ನಾವು ಯೋಚನೆ ಮಾಡಿದ್ದು ಸಿಂಪಲ್: ಫೈಲ್ ನಾಲ್ಕು ತುಂಡು ಮಾಡೋಣ, ತಲೆಗೊಂದು ಹಂಚ್ಕೊಳ್ಳೋಣ, ಬೆಳಗ್ಗೆ ಉತ್ತರ ಕೂಡಿಸೋಣ.

ತುಂಡು ಮಾಡಿದ್ವಿ, ಓಡಿಸಿದ್ವಿ, ಉತ್ತರವೂ ಬಂತು. ಎಲ್ಲೂ ಎರರ್ ಇಲ್ಲ. ಆದ್ರೆ ಉತ್ತರ ಪೂರ್ತಿ ತಪ್ಪು. ಆ ತಪ್ಪು ಉತ್ತರವನ್ನೇ ಸ್ಲೈಡ್‌ನಲ್ಲಿ ಹಾಕಿಕೊಂಡು ರಿವ್ಯೂಗೂ ಹೋದ್ವಿ. ಏನಾಯ್ತು, ಯಾಕಾಯ್ತು, ಸರಿಯಾಗಿ ಮಾಡೋದು ಹೇಗೆ ಅನ್ನೋದೇ ಈ ಸಲದ ಪಾಠ. ಬಯೋಟೆಕ್ ಅವರಿಗೆ ಮಾತ್ರ ಅಂದ್ಕೋಬೇಡಿ. ದೊಡ್ಡ ಫೈಲ್ ಮುಟ್ಟೋ ಎಲ್ಲ ಬ್ರಾಂಚ್‌ನವರಿಗೂ ಇದು ಕೆಲಸಕ್ಕೆ ಬರುತ್ತೆ.

ಒಂದು ಮಾತು ಮೊದಲೇ ಹೇಳಿಬಿಡ್ತೀವಿ. ಈ ಪುಟ ಪೂರ್ತಿ ಕನ್ನಡ ಲಿಪಿಯಲ್ಲೇ ಇರಲಿ ಅಂತ ಕಮಾಂಡ್‌ಗಳ ಹೆಸರನ್ನೂ ಕನ್ನಡದಲ್ಲೇ ಬರೆದಿದ್ದೀವಿ. ಟರ್ಮಿನಲ್‌ನಲ್ಲಿ ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರವೇ ಬೇಕು.

1. ರಾಗಿ ಯಾಕೆ?

ಯಾಕಂದ್ರೆ ಇದು ನಮ್ಮೂರಿನ ಕೆಲಸ. ಬೆಂಗಳೂರಿನ ಜಿಕೆವಿಕೆಯಲ್ಲಿರೋ ಕೃಷಿ ವಿಶ್ವವಿದ್ಯಾಲಯದ ಶೈಲಜಾ ಹಿತ್ತಲಮನಿ ಮತ್ತು ಅವರ ತಂಡ ಎಂಎಲ್-365 ಅನ್ನೋ ರಾಗಿ ತಳಿಯ ಜೀನೋಮ್ ಓದಿ 2017ರಲ್ಲಿ ಪ್ರಕಟಿಸಿದ್ರು. ಅವರ ಅಂದಾಜಿನ ಪ್ರಕಾರ ರಾಗಿಯ ಜೀನೋಮ್‌ನಲ್ಲಿ ಸುಮಾರು 145 ಕೋಟಿ ಅಕ್ಷರ ಇದೆ. ಅದರಲ್ಲಿ ಸುಮಾರು 120 ಕೋಟಿ ಅಕ್ಷರವನ್ನ ಅವರು ಜೋಡಿಸಿದ್ರು. ಪತ್ತೆಯಾದ ಜೀನ್‌ಗಳು 85 ಸಾವಿರಕ್ಕೂ ಹೆಚ್ಚು. ಬರ ಬಂದ್ರೂ ರಾಗಿ ಹೇಗೆ ತಡ್ಕೊಳ್ಳುತ್ತೆ, ಮುದ್ದೆಯಲ್ಲಿ ಅಷ್ಟೊಂದು ಕ್ಯಾಲ್ಸಿಯಂ ಎಲ್ಲಿಂದ ಬರುತ್ತೆ ಅನ್ನೋ ಪ್ರಶ್ನೆಗಳಿಗೆ ಈ ಅಕ್ಷರಗಳಲ್ಲೇ ಉತ್ತರ ಹುಡುಕಬೇಕು.

ಈ ಥರದ ಕೆಲಸ ಬೆಂಗಳೂರಿನಲ್ಲಿ ಒಂದೆರಡಲ್ಲ. ಬೇವಿನ ಜೀನೋಮ್ ಓದಿದ್ದೂ ಇಲ್ಲೇ, ಎಲೆಕ್ಟ್ರಾನಿಕ್ಸ್ ಸಿಟಿಯ ಗಣಿತ್ ಲ್ಯಾಬ್ಸ್‌ನಲ್ಲಿ. ತುಳಸಿಯದನ್ನ ಎನ್‌ಸಿಬಿಎಸ್‌ನವರು ಓದಿದ್ರು. 2020ರ ಜನವರಿಯಲ್ಲಿ ಶುರುವಾದ ಜೀನೋಮ್ ಇಂಡಿಯಾ ಯೋಜನೆಯಲ್ಲಿ 20 ಸಂಸ್ಥೆಗಳಿದ್ವು, ಮುಂದಾಳತ್ವ ಐಐಎಸ್‌ಸಿ ಕ್ಯಾಂಪಸ್‌ನ ಮಿದುಳು ಸಂಶೋಧನಾ ಕೇಂದ್ರದ್ದು. ಹತ್ತು ಸಾವಿರ ಭಾರತೀಯರ ಜೀನೋಮ್ ಓದಿ, 2025ರ ಜನವರಿ 9ರಂದು ಆ ಡೇಟಾವನ್ನ ಸಂಶೋಧಕರಿಗೆ ತೆರೆದ್ರು. ಡೇಟಾ ಇರೋದು ಫರೀದಾಬಾದ್‌ನ ಭಾರತೀಯ ಜೈವಿಕ ದತ್ತಾಂಶ ಕೇಂದ್ರದಲ್ಲಿ. ಅದು ಮನುಷ್ಯರ ಡಿಎನ್‌ಎ. ಅದಕ್ಕೆ ಅರ್ಜಿ, ಅನುಮತಿ ಎಲ್ಲ ಬೇಕು, ಪೆನ್‌ಡ್ರೈವ್‌ನಲ್ಲಿ ಹಾಕಿ ಓಡಾಡಿಸೋ ಹಾಗಿಲ್ಲ. ರಾಗಿಗೆ ಆ ತಾಪತ್ರಯ ಇಲ್ಲ, ಕಲಿಯೋರಿಗೆ ಹೇಳಿ ಮಾಡಿಸಿದ ಹಾಗಿದೆ.

2. ಫೈಲ್ ಒಳಗೆ ಏನಿದೆ?

ಸೀಕ್ವೆನ್ಸಿಂಗ್ ಮೆಷಿನ್ ಇಡೀ ಡಿಎನ್‌ಎಯನ್ನ ಒಂದೇ ಉಸಿರಿಗೆ ಓದಲ್ಲ. ಡಿಎನ್‌ಎಯನ್ನ ಸಣ್ಣ ಸಣ್ಣ ಚೂರು ಮಾಡಿ, ಒಂದೊಂದು ಚೂರಿನಲ್ಲಿ ನೂರು ನೂರೈವತ್ತು ಅಕ್ಷರ ಓದುತ್ತೆ. ಹಾಗೆ ಓದಿದ ಒಂದು ತುಣುಕಿಗೆ ರೀಡ್ ಅಂತಾರೆ. ಪ್ರತಿ ರೀಡನ್ನೂ ಫಾಸ್ಟ್‌ಕ್ಯೂ ಅನ್ನೋ ರೂಪದಲ್ಲಿ ನಾಲ್ಕು ಸಾಲಾಗಿ ಬರೆಯುತ್ತೆ. ನೋಡಿ, ಇದೊಂದು ಪುಟ್ಟ ಉದಾಹರಣೆ:

@ರಾಗಿ.1
ಜಿ ಎ ಟಿ ಟಿ ಸಿ ಎ ಜಿ ಸಿ
+
@ ? = ; : 9 8 7

ಮೊದಲನೇ ಸಾಲು ರೀಡ್‌ನ ಹೆಸರು. ಅದು ಯಾವಾಗಲೂ @ ಗುರುತಿನಿಂದ ಶುರು. ಎರಡನೇ ಸಾಲು ಡಿಎನ್‌ಎ ಅಕ್ಷರಗಳು. ಮೂರನೇದು + ಗುರುತು, ನಡುವಿನ ಬೇಲಿ ಅಂದ್ಕೊಳ್ಳಿ. ನಾಲ್ಕನೇದು ಕ್ವಾಲಿಟಿ ಸಾಲು: ಎರಡನೇ ಸಾಲಿನ ಒಂದೊಂದು ಅಕ್ಷರಕ್ಕೂ ಒಂದೊಂದು ಚಿಹ್ನೆ, ಅಷ್ಟೇ ಉದ್ದ. ನಿಜವಾದ ಫೈಲ್‌ನಲ್ಲಿ ಅಕ್ಷರಗಳ ನಡುವೆ ಜಾಗ ಇರಲ್ಲ, ಇಲ್ಲಿ ಓದೋಕೆ ಸುಲಭವಾಗ್ಲಿ ಅಂತ ಬಿಟ್ಟಿದ್ದೀವಿ.

ಕ್ವಾಲಿಟಿ ಚಿಹ್ನೆ ಓದೋದು ಸುಲಭ. ಆ ಚಿಹ್ನೆಯ ಆಸ್ಕಿ ಸಂಖ್ಯೆಯಿಂದ 33 ಕಳೀರಿ. ? ಅಂದ್ರೆ 63, ಅದರಲ್ಲಿ 33 ಹೋದ್ರೆ 30. ಸ್ಕೋರ್ 30 ಅಂದ್ರೆ ಆ ಅಕ್ಷರ ತಪ್ಪಾಗಿರೋ ಸಾಧ್ಯತೆ ಸಾವಿರಕ್ಕೆ ಒಂದು. 20 ಇದ್ರೆ ನೂರಕ್ಕೆ ಒಂದು, 10 ಇದ್ರೆ ಹತ್ತಕ್ಕೆ ಒಂದು. @ ಅಂದ್ರೆ 64, ಹಾಗಾಗಿ ಸ್ಕೋರ್ 31. ಅಂದ್ರೆ @ ಗುರುತು ಹೆಸರಿನ ಸಾಲಿನಲ್ಲಿ ಮಾತ್ರ ಅಲ್ಲ, ಕ್ವಾಲಿಟಿ ಸಾಲಿನ ಮೊದಲ ಚಿಹ್ನೆಯಾಗಿಯೂ ಬರಬಹುದು. ಮೇಲಿನ ಉದಾಹರಣೆಯಲ್ಲೇ ಬಂದಿದೆ ನೋಡಿ. ಇದನ್ನ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಈಗ ಸೈಜ್ ಲೆಕ್ಕ. ತಪ್ಪು ಹಿಡಿಯೋಕೆ ಒಂದೊಂದು ಜಾಗವನ್ನೂ ಮೂವತ್ತು ಸಲ ಓದಬೇಕು ಅಂತ ಇಟ್ಕೊಳ್ಳೋಣ. 145.3 ಕೋಟಿ ಅಕ್ಷರ, 30 ಸಲ, ಒಟ್ಟು 4,359 ಕೋಟಿ ಅಕ್ಷರ. ಒಂದು ರೀಡ್‌ಗೆ 150 ಅಕ್ಷರ ಅಂದ್ರೆ ಸುಮಾರು 29 ಕೋಟಿ ರೀಡ್. ಚೂರಿನ ಎರಡೂ ತುದಿ ಓದೋದರಿಂದ ಇದು ಎರಡು ಫೈಲ್‌ಗೆ ಹಂಚಿಹೋಗುತ್ತೆ, ಒಂದೊಂದರಲ್ಲಿ 14.5 ಕೋಟಿ ರೀಡ್. ಒಂದು ರೀಡ್ ಬರೆಯೋಕೆ ಹೆಸರಿಗೆ 60, ಅಕ್ಷರಕ್ಕೆ 150, ಕ್ವಾಲಿಟಿಗೆ 150, ಒಂದು +, ನಾಲ್ಕು ಸಾಲಿನ ಕೊನೆ, ಒಟ್ಟು 365 ಬೈಟ್. ಒಂದು ಫೈಲ್‌ಗೆ ಸುಮಾರು 53 ಜಿಬಿ ಆಯ್ತು! ಕಂಪ್ರೆಸ್ ಮಾಡಿ ಕಾಲು ಭಾಗಕ್ಕೆ ಇಳಿಸಿದ್ರೂ 13 ಜಿಬಿ. ಒಂದು ರಾಗಿ ಗಿಡಕ್ಕೇ ಇಷ್ಟು.

3. ಕಂಪ್ರೆಸ್ ಆದ ಫೈಲನ್ನೇ ಯಾಕೆ ಕತ್ತರಿಸಬಾರದು?

ನಮ್ಮ ಮೊದಲ ಪ್ರಯತ್ನ ಇದೇ. ಸ್ಪ್ಲಿಟ್ ಕಮಾಂಡ್‌ಗೆ ಸೈಜ್ ಕೊಟ್ಟು 9 ಜಿಬಿ ಫೈಲನ್ನ ನೇರವಾಗಿ ನಾಲ್ಕು ತುಂಡು ಮಾಡಿದ್ವಿ. ಮೊದಲ ತುಂಡು ಒಂದಷ್ಟು ದೂರ ಬಿಚ್ಕೊಂಡು, ಕೊನೆಯಲ್ಲಿ ಫೈಲ್ ಅರ್ಧಕ್ಕೇ ಮುಗಿದಿದೆ ಅಂತ ಹೇಳ್ತು. ಉಳಿದ ಮೂರು ‘ಇದು ಜಿಜಿಪ್ ಫೈಲೇ ಅಲ್ಲ’ ಅಂತ ಮುಖಕ್ಕೆ ಹೊಡೆದ ಹಾಗೆ ಹೇಳಿದ್ವು.

ಕಾರಣ ಜಿಜಿಪ್ ಕೆಲಸ ಮಾಡೋ ರೀತಿಯಲ್ಲೇ ಇದೆ. ಏರಿಯಾದ ದಿನಸಿ ಅಂಗಡಿಯ ಸಾಲದ ಪುಸ್ತಕ ನೋಡಿದ್ದೀರಾ? ಮೊದಲ ಸಾಲಿನಲ್ಲಿ ‘ಅಕ್ಕಿ 5 ಕೆಜಿ’ ಅಂತ ಬರೆದಿರ್ತಾರೆ. ಮುಂದಿನ ಸಾಲುಗಳಲ್ಲಿ ಬರೀ ‘ಮೇಲಿನಂತೆ’ ಅನ್ನೋ ಗುರುತು. ಬರೆಯೋರಿಗೆ ಉಳಿತಾಯ, ಓದೋರಿಗೂ ಅರ್ಥವಾಗುತ್ತೆ. ಆದ್ರೆ ಪುಸ್ತಕದ ನಡುವಿನ ಹಾಳೆ ಮಾತ್ರ ಹರಿದುಕೊಂಡು ಹೋದ್ರೆ? ‘ಮೇಲಿನಂತೆ, ಮೇಲಿನಂತೆ’ ಅಂತಿರುತ್ತೆ, ಮೇಲೆ ಏನಿತ್ತು ಅಂತ ಗೊತ್ತಿರಲ್ಲ.

ಜಿಜಿಪ್ ಮಾಡೋದು ಇದನ್ನೇ. ಒಂದು ಅಕ್ಷರಸಾಲು ಮೊದಲೇ ಬಂದಿದ್ರೆ, ‘ಇಷ್ಟು ಹಿಂದಕ್ಕೆ ಹೋಗು, ಇಷ್ಟು ಅಕ್ಷರ ಕಾಪಿ ಮಾಡು’ ಅಂತ ಬರೆದಿಡುತ್ತೆ. ಹಿಂದಕ್ಕೆ 32 ಕೆಬಿವರೆಗೆ ಹೋಗಬಹುದು, ಒಂದು ಸಲಕ್ಕೆ 258 ಅಕ್ಷರದವರೆಗೆ ಕಾಪಿ ಮಾಡಬಹುದು. ಇದು ಲೆಂಪೆಲ್ ಮತ್ತು ಜಿವ್ ಅವರ 1977ರ ಐಡಿಯಾ. ಅದರ ಮೇಲೆ ಇನ್ನೊಂದು ಪದರ ಹಫ್‌ಮನ್ ಕೋಡ್: ಜಾಸ್ತಿ ಬರೋ ಚಿಹ್ನೆಗೆ ಕಮ್ಮಿ ಬಿಟ್, ಅಪರೂಪದ ಚಿಹ್ನೆಗೆ ಜಾಸ್ತಿ ಬಿಟ್. ಡೇವಿಡ್ ಹಫ್‌ಮನ್ ಇದನ್ನ ಕಂಡುಹಿಡಿದಿದ್ದು ಎಂಐಟಿಯಲ್ಲಿ ಓದುವಾಗ, ಒಂದು ಕೋರ್ಸಿನ ಟರ್ಮ್ ಪೇಪರ್‌ಗೋಸ್ಕರ. ಪ್ರಕಟವಾಗಿದ್ದು 1952ರಲ್ಲಿ. ಅಸೈನ್‌ಮೆಂಟ್ ಬರೆಯೋಕೆ ಬೇಜಾರಾದಾಗ ಇದನ್ನ ನೆನೆಸ್ಕೊಳ್ಳಿ.

ಹಫ್‌ಮನ್ ಕೋಡ್‌ನಲ್ಲಿ ಒಂದು ಚಿಹ್ನೆ ಬೈಟ್‌ನ ನಡುವೆ ಎಲ್ಲಿ ಬೇಕಾದ್ರೂ ಮುಗಿಯಬಹುದು. ಯಾವ ಬಿಟ್‌ನಿಂದ ಹೊಸ ಚಿಹ್ನೆ ಶುರು ಅಂತ ತಿಳಿಯೋಕೆ ಮೊದಲಿನಿಂದ ಓದ್ಕೊಂಡು ಬರಬೇಕು. ಹಿಂದಿನ 32 ಕೆಬಿಯೂ ಕೈಯಲ್ಲಿರಬೇಕು. ಹಾಗಾಗಿ ನಡುವಿನಿಂದ ಹರಿದ ತುಂಡು ಒಂಟಿಯಾಗಿ ಯಾವ ಕೆಲಸಕ್ಕೂ ಬರಲ್ಲ. ಬಿಚ್ಚುವಾಗ ಎಂಟು ಕೋರ್ ಇದ್ರೂ ಮಾಮೂಲಿ ಜಿಜಿಪ್ ಒಂದೇ ಕೋರ್‌ನಲ್ಲಿ ತೆವಳೋದೂ ಇದೇ ಕಾರಣಕ್ಕೆ.

ಹಾಗಂತ ಬೈಟ್ ಲೆಕ್ಕದಲ್ಲಿ ಕತ್ತರಿಸೋದು ಯಾವಾಗ್ಲೂ ತಪ್ಪಲ್ಲ. ಫ್ಯಾಟ್32 ಪೆನ್‌ಡ್ರೈವ್‌ನಲ್ಲಿ 4 ಜಿಬಿ ಮುಟ್ಟುವ ಫೈಲ್ ಕೂರಲ್ಲ. ಆಗ ಬೈಟ್ ಲೆಕ್ಕದಲ್ಲಿ ಮೂರು ತುಂಡು ಮಾಡಿ ಸಾಗಿಸಿ, ಆ ಕಡೆ ಕ್ಯಾಟ್ ಕಮಾಂಡ್‌ನಿಂದ ಅದೇ ಕ್ರಮದಲ್ಲಿ ಅಂಟಿಸಿ. ಫೈಲ್ ಮೊದಲಿನ ಹಾಗೇ ಸಿಗುತ್ತೆ. ನಿಯಮ ಇಷ್ಟೇ: ಸಾಗಿಸೋಕೆ ಬೈಟ್ ಲೆಕ್ಕ, ಕೆಲಸ ಮಾಡೋಕೆ ರೀಡ್ ಲೆಕ್ಕ.

4. ನಮ್ಮ ದೊಡ್ಡ ತಪ್ಪು

ಸರಿ, ಬಿಚ್ಚಿಯೇ ಕತ್ತರಿಸೋಣ ಅಂತ ಒಬ್ಬರ ಲ್ಯಾಪ್‌ಟಾಪ್‌ನಲ್ಲಿ ಜಾಗ ಖಾಲಿ ಮಾಡಿಸಿದ್ವಿ. ಮೂರು ಸಿನಿಮಾ, ಒಂದು ಗೇಮ್ ಡಿಲೀಟ್ ಆಯ್ತು. ಫೈಲ್ ಬಿಚ್ಚಿದಾಗ 36 ಜಿಬಿ. ಸ್ಪ್ಲಿಟ್‌ನಲ್ಲಿ ‘ಸಾಲು ಮುರೀಬೇಡ, ಸೈಜ್ ನೋಡ್ಕೊಂಡು ನಾಲ್ಕು ಸಮಭಾಗ ಮಾಡು’ ಅನ್ನೋ ಆಯ್ಕೆ ಇದೆ. ನಮಗೆ ಅದೇ ಬೇಕಿತ್ತು ಅನ್ನಿಸ್ತು. ಸಾಲು ಮುರಿಯಲ್ಲ ಅಂದಮೇಲೆ ಇನ್ನೇನು ಭಯ?

ಸಾಲು ಮುರಿಯಲಿಲ್ಲ, ನಿಜ. ರೀಡ್ ಮುರೀತು. ಒಂದು ರೀಡ್‌ಗೆ ನಾಲ್ಕು ಸಾಲು ಅಂತ ಸ್ಪ್ಲಿಟ್‌ಗೆ ಗೊತ್ತಿಲ್ಲ, ಅದಕ್ಕೆ ಎಲ್ಲ ಸಾಲೂ ಒಂದೇ. ಎರಡನೇ ತುಂಡು + ಸಾಲಿನಿಂದ ಶುರುವಾಗಿತ್ತು. ಮೂರನೇದು ಅದೃಷ್ಟಕ್ಕೆ ಹೆಸರಿನ ಸಾಲಿನಿಂದಲೇ ಶುರು. ನಾಲ್ಕನೇದು ಡಿಎನ್‌ಎ ಸಾಲಿನಿಂದ ಶುರು.

ನಾವು ಬರೆದ ಪೈಥಾನ್ ಕೋಡ್ ಏನು ಮಾಡ್ತಿತ್ತು? ನಾಲ್ಕು ನಾಲ್ಕು ಸಾಲು ಓದಿ, ಎರಡನೇ ಸಾಲಿನಲ್ಲಿ ಜಿ ಮತ್ತು ಸಿ ಅಕ್ಷರ ಎಷ್ಟು ಪರ್ಸೆಂಟ್ ಇದೆ ಅಂತ ಲೆಕ್ಕ ಹಾಕ್ತಿತ್ತು. ಮೊದಲ ತುಂಡಿನಲ್ಲಿ 44 ಬಂತು. ಎರಡನೇ ತುಂಡಿನಲ್ಲಿ ನಮ್ಮ ಕೋಡ್ ಓದಿದ್ದು ಕ್ವಾಲಿಟಿ ಸಾಲನ್ನ. ಅದರಲ್ಲೂ ಜಿ, ಸಿ ಅಕ್ಷರ ಅಲ್ಲೊಂದು ಇಲ್ಲೊಂದು ಇರುತ್ತೆ, ಹಾಗಾಗಿ 6 ಬಂತು. ಮೂರನೇದರಲ್ಲಿ 44. ನಾಲ್ಕನೇದರಲ್ಲಿ ಓದಿದ್ದು ಬರೀ + ಗುರುತು, ಅಲ್ಲಿ 0. ನಾಲ್ಕೂ ಕೂಡಿಸಿ ನಾಲ್ಕರಿಂದ ಭಾಗಿಸಿದ್ವಿ, 23.5. ರಾತ್ರಿ ಎರಡು ಗಂಟೆ. ‘ರಾಗಿಯ ಜಿಸಿ ಪ್ರಮಾಣ 23.5 ಪರ್ಸೆಂಟ್’ ಅಂತ ದಪ್ಪ ಅಕ್ಷರದಲ್ಲಿ ಸ್ಲೈಡ್‌ನಲ್ಲಿ ಹಾಕಿ ಮಲಗಿದ್ವಿ.

ನಾಲ್ಕು ಲ್ಯಾಪ್‌ಟಾಪ್‌ನ ಉತ್ತರ ಪಕ್ಕ ಪಕ್ಕ ಇಟ್ಟು ನೋಡಿದ್ರೆ ಯಾರಿಗಾದ್ರೂ ಅನುಮಾನ ಬರ್ತಿತ್ತು. ಆದ್ರೆ ಒಬ್ಬೊಬ್ಬರೂ ತಮ್ಮ ನಂಬರ್ ಗ್ರೂಪ್‌ನಲ್ಲಿ ಹಾಕಿದ್ರು, ಒಬ್ಬರು ಸರಾಸರಿ ತೆಗೆದ್ರು, ಯಾರೂ ನೋಡಲಿಲ್ಲ. ಕೆಲಸ ಹಂಚ್ಕೊಂಡ ಹಾಗೆ ಜವಾಬ್ದಾರಿಯನ್ನೂ ಹಂಚಿ ಕಳೆದುಬಿಟ್ಟಿದ್ವಿ.

ರಿವ್ಯೂನಲ್ಲಿ ಮೇಡಂ ಸ್ಲೈಡ್ ನೋಡಿ ಬೈಯಲಿಲ್ಲ. ಕೇಳಿದ್ದು ಇಷ್ಟೇ: “ಭತ್ತದಲ್ಲಿ 43 ಪರ್ಸೆಂಟ್ ಆಸುಪಾಸು ಇರುತ್ತೆ. ರಾಗಿಯೂ ಹುಲ್ಲಿನ ಜಾತಿಯೇ ಅಲ್ವಾ? ನಾಲ್ಕು ತುಂಡಿನ ಉತ್ತರ ಬೇರೆ ಬೇರೆ ತೋರಿಸಿ.” ತೋರಿಸಿದ್ವಿ. 44, 6, 44, 0. ಕ್ಲಾಸ್‌ನಲ್ಲಿ ಯಾರೋ ನಕ್ಕರು. ನಾವೂ ನಗಬೇಕಿತ್ತು, ನಗು ಬರಲಿಲ್ಲ. “ಸರಿಮಾಡ್ಕೊಂಡು ಸೋಮವಾರ ಬನ್ನಿ” ಅಂದ್ರು.

ಇಲ್ಲಿ ಇನ್ನೊಂದು ಸೂಕ್ಷ್ಮ ಇದೆ. ನಾವು ಒಂದು ಚೆಕ್ ಮಾಡಿದ್ವಿ: ನಾಲ್ಕೂ ತುಂಡಿನ ಸಾಲು ಕೂಡಿಸಿ, ಮೂಲ ಫೈಲಿನ ಸಾಲಿಗೆ ಸಮ ಇದೆಯಾ ಅಂತ. ಸಮ ಇತ್ತು! ಒಟ್ಟು ಸರಿ ಇದ್ರೂ ತುಂಡು ತಪ್ಪಾಗಿರಬಹುದು. ಒಂದೊಂದು ತುಂಡಿನ ಸಾಲನ್ನೂ ನಾಲ್ಕರಿಂದ ಭಾಗಿಸಿ ನೋಡಿದ್ರೆ ಶೇಷ 2, 2, 1, 3 ಬರ್ತಿತ್ತು. ಕೂಡಿಸಿದ್ರೆ 8, ಅದು ನಾಲ್ಕರಿಂದ ಭಾಗ ಹೋಗುತ್ತೆ. ಹಾಗಾಗಿ ಒಟ್ಟು ಲೆಕ್ಕದಲ್ಲಿ ತಪ್ಪು ಮುಚ್ಚಿಹೋಯ್ತು.

5. ಇನ್ನೂ ಎರಡು ಹಳ್ಳ

ಮೊದಲನೇದು @ ಗುರುತು. ‘@ ನಿಂದ ಶುರುವಾಗೋ ಸಾಲು ಎಣಿಸಿದ್ರೆ ರೀಡ್ ಲೆಕ್ಕ ಸಿಗುತ್ತೆ, ಅಲ್ಲೇ ಕತ್ತರಿಸಬಹುದು’ ಅಂತ ನಮ್ಮಲ್ಲೊಬ್ಬರು ಹೇಳಿದ್ರು. ಮೇಲೆ ನೋಡಿದ್ವಲ್ಲ, ಕ್ವಾಲಿಟಿ ಸಾಲೂ @ ನಿಂದ ಶುರುವಾಗಬಹುದು. ಹಾಗೆ ಎಣಿಸಿದ್ರೆ ಲೆಕ್ಕ ಜಾಸ್ತಿ ಬರುತ್ತೆ, ಹಾಗೆ ಕತ್ತರಿಸಿದ್ರೆ ರೀಡ್ ಹಾಳಾಗುತ್ತೆ. ಒಟ್ಟು ಸಾಲು ಭಾಗಿಸು ನಾಲ್ಕು, ಇದೇ ಸರಿಯಾದ ಎಣಿಕೆ.

ಎರಡನೇದು ಜೋಡಿ ಫೈಲ್. ಚೂರಿನ ಒಂದು ತುದಿಯ ರೀಡ್ ಮೊದಲ ಫೈಲ್‌ನಲ್ಲಿ, ಇನ್ನೊಂದು ತುದಿಯದು ಎರಡನೇ ಫೈಲ್‌ನಲ್ಲಿ, ಎರಡೂ ಒಂದೇ ಕ್ರಮದಲ್ಲಿ ಇರುತ್ತೆ. ಹಲಸೂರು ಸೋಮೇಶ್ವರ ದೇವಸ್ಥಾನಕ್ಕೆ ಬಂದವರ ಎಡಗಾಲಿನ ಚಪ್ಪಲಿ ಎಲ್ಲ ಒಂದು ಕಪಾಟು, ಬಲಗಾಲಿನವು ಎಲ್ಲ ಇನ್ನೊಂದು ಕಪಾಟು ಅಂತ ಊಹಿಸ್ಕೊಳ್ಳಿ. ಎಷ್ಟನೇ ಜಾಗ ಅನ್ನೋದೇ ಜೋಡಿಯ ಗುರುತು. ಒಂದು ಕಪಾಟಿನಲ್ಲಿ ಒಂದೇ ಒಂದು ಚಪ್ಪಲಿ ಜಾರಿದ್ರೂ ಅಲ್ಲಿಂದ ಮುಂದೆ ಎಲ್ಲರ ಕಾಲಿಗೂ ಬೇರೆಯವರ ಚಪ್ಪಲಿ.

ಸೈಜ್ ಲೆಕ್ಕದಲ್ಲಿ ಕತ್ತರಿಸಿದ್ರೆ ಇದು ಆಗೇ ಆಗುತ್ತೆ. ಕ್ವಾಲಿಟಿ ಕಮ್ಮಿ ಇರೋ ತುದಿಗಳನ್ನ ಕತ್ತರಿಸಿ ಟ್ರಿಮ್ ಮಾಡಿದ ಫೈಲ್‌ಗಳಲ್ಲಿ ರೀಡ್‌ಗಳ ಉದ್ದ ಬೇರೆ ಬೇರೆ. ಹಾಗಾಗಿ ಒಂದೇ ಸೈಜಿನಲ್ಲಿ ಎರಡು ಫೈಲ್‌ನಲ್ಲೂ ಒಂದೇ ಸಂಖ್ಯೆಯ ರೀಡ್ ಕೂರಲ್ಲ. ಬಿಡಬ್ಲ್ಯುಎ ಮೆಮ್ ಥರದ ಟೂಲ್ ಜೋಡಿಯ ಹೆಸರು ಹೊಂದದಿದ್ರೆ ಅಲ್ಲೇ ನಿಲ್ಲಿಸುತ್ತೆ. ನಾವೇ ಬರೆದ ಕೋಡ್‌ಗೆ ಅಷ್ಟು ಬುದ್ಧಿ ಎಲ್ಲಿ? ನಾವು ಕೊಟ್ರೆ ತಾನೇ ಇರೋದು.

6. ಸರಿಯಾದ ಸ್ಕ್ರಿಪ್ಟ್, ಹೆಜ್ಜೆ ಹೆಜ್ಜೆಯಾಗಿ

ಮುಖ್ಯ ಐಡಿಯಾ ಪೈಪ್. 36 ಜಿಬಿ ಡಿಸ್ಕ್‌ನಲ್ಲಿ ಬಿಚ್ಚಿಡೋ ಅಗತ್ಯವೇ ಇಲ್ಲ. ಒಂದು ಕಡೆಯಿಂದ ಬಿಚ್ಚುತ್ತಾ, ನಡುವೆ ಎಣಿಸುತ್ತಾ, ಇನ್ನೊಂದು ಕಡೆ ಮತ್ತೆ ಕಂಪ್ರೆಸ್ ಮಾಡುತ್ತಾ ಹೋಗಬಹುದು. ಸಿನಿಮಾ ಡಿಲೀಟ್ ಮಾಡಿಸಿದ್ದೂ ದಂಡ ಅಂತ ಆಮೇಲೆ ಗೊತ್ತಾಯ್ತು.

ಹೆಜ್ಜೆ 1. ಇಳಿಸಿದ ಫೈಲ್ ಪೂರ್ತಿ ಬಂದಿದೆಯಾ ನೋಡಿ. ಡೇಟಾ ಸಂಗ್ರಹದವರು ಎಂಡಿ5 ಮೊತ್ತ ಕೊಟ್ಟಿದ್ರೆ ಅದರ ಜೊತೆ ತಾಳೆ ಹಾಕಿ. ಇಲ್ಲದಿದ್ರೆ ಜಿಜಿಪ್‌ನ ಟೆಸ್ಟ್ ಆಯ್ಕೆ, ಅಂದ್ರೆ ಮೈನಸ್ ಟಿ, ಓಡಿಸಿ.

ಹೆಜ್ಜೆ 2. ಎರಡೂ ಫೈಲ್‌ನ ಒಟ್ಟು ಸಾಲು ಎಣಿಸಿ. ಜಿಜಿಪ್ ಮೈನಸ್ ಡಿಸಿಯಿಂದ ಬಿಚ್ಚಿ, ಪೈಪ್ ಮೂಲಕ ಡಬ್ಲ್ಯುಸಿ ಮೈನಸ್ ಎಲ್‌ಗೆ ಕೊಡಿ. ಎರಡೂ ಸಂಖ್ಯೆ ಒಂದೇ ಇರಬೇಕು, ನಾಲ್ಕರಿಂದ ಭಾಗ ಹೋಗಬೇಕು. ಇಲ್ಲಿ ಹೊಂದದಿದ್ರೆ ಮುಂದೆ ಹೋಗಬೇಡಿ.

ಹೆಜ್ಜೆ 3. ತುಂಡಿನ ಸೈಜನ್ನ ರೀಡ್‌ನಲ್ಲಿ ನಿರ್ಧರಿಸಿ, ಆಮೇಲೆ ನಾಲ್ಕರಿಂದ ಗುಣಿಸಿ. ನಾವು 25 ಲಕ್ಷ ರೀಡ್ ಇಟ್ವಿ, ಅಂದ್ರೆ 1 ಕೋಟಿ ಸಾಲು. ಸ್ಕ್ರಿಪ್ಟ್‌ನಲ್ಲಿ ಸಾಲಿನ ಸಂಖ್ಯೆ ನೇರವಾಗಿ ಬರೀಬೇಡಿ. ರೀಡ್ ಸಂಖ್ಯೆ ಬರೆದು, ಗುಣಿಸೋ ಕೆಲಸ ಸ್ಕ್ರಿಪ್ಟ್‌ಗೇ ಬಿಡಿ. ಆಗ ನಾಳೆ ಯಾರಾದ್ರೂ ನಂಬರ್ ಬದಲಾಯಿಸಿದ್ರೂ ರೀಡ್ ಮುರಿಯಲ್ಲ.

ಹೆಜ್ಜೆ 4. ಜಿಜಿಪ್ ಮೈನಸ್ ಡಿಸಿಯ ಔಟ್‌ಪುಟ್ಟನ್ನ ಪೈಪ್ ಮೂಲಕ ಸ್ಪ್ಲಿಟ್‌ಗೆ ಕೊಡಿ. ಸ್ಪ್ಲಿಟ್‌ಗೆ ನಾಲ್ಕು ಆಯ್ಕೆ: ಮೈನಸ್ ಎಲ್‌ನಲ್ಲಿ ಸಾಲಿನ ಸಂಖ್ಯೆ; ತುಂಡಿಗೆ ಅಂಕಿಯ ಹೆಸರು ಬರಲಿ ಅಂತ ಮೈನಸ್ ಡಿ; ಹೆಸರಿನಲ್ಲಿ ಮೂರು ಅಂಕಿ ಇರಲಿ ಅಂತ ಮೈನಸ್ ಎ 3; ಕೊನೆಗೆ ಫಿಲ್ಟರ್. ಈ ಫಿಲ್ಟರ್ ಆಯ್ಕೆಯೇ ಜೀವಾಳ. ಒಂದೊಂದು ತುಂಡನ್ನೂ ಡಿಸ್ಕ್‌ಗೆ ಬರೆಯೋ ಮುಂಚೆ ನೀವು ಹೇಳಿದ ಕಮಾಂಡ್‌ಗೆ, ಇಲ್ಲಿ ಜಿಜಿಪ್‌ಗೆ, ಕೊಡುತ್ತೆ. ಫಿಲ್ಟರ್‌ನ ಸಾಲನ್ನ ಒಂಟಿ ಉದ್ಧರಣ ಚಿಹ್ನೆಯೊಳಗೇ ಬರೀರಿ. ಜೋಡಿ ಚಿಹ್ನೆ ಹಾಕಿದ್ರೆ ಫೈಲ್ ಅನ್ನೋ ವೇರಿಯಬಲ್ ಮೊದಲೇ ಖಾಲಿಯಾಗಿ ಹೋಗುತ್ತೆ. ಅರ್ಧ ಗಂಟೆ ನಾವು ಇದಕ್ಕೇ ತಲೆ ಕೆಡಿಸ್ಕೊಂಡಿದ್ವಿ.

ಹೆಜ್ಜೆ 5. ಎರಡನೇ ಫೈಲ್‌ಗೂ ಅದೇ ಸಂಖ್ಯೆ, ಅದೇ ಆಯ್ಕೆ. ಇದನ್ನ ಕೈಯಲ್ಲಿ ಮತ್ತೆ ಟೈಪ್ ಮಾಡೋ ಬದಲು ಫಾರ್ ಲೂಪ್‌ನಲ್ಲಿ 1 ಮತ್ತು 2 ಅಂತ ಹಾಕಿ. ಕೈ ತಪ್ಪೋ ಜಾಗ ಒಂದು ಕಮ್ಮಿ ಆಗುತ್ತೆ.

ಮ್ಯಾಕ್ ಇರೋರಿಗೆ ಒಂದು ಸೂಚನೆ. ಅದರ ಜೊತೆ ಬರೋ ಸ್ಪ್ಲಿಟ್‌ನಲ್ಲಿ ಫಿಲ್ಟರ್ ಇಲ್ಲ. ಗ್ನೂ ಕೋರ್‌ಯುಟಿಲ್ಸ್ ಹಾಕ್ಕೊಂಡು ಜಿ-ಸ್ಪ್ಲಿಟ್ ಬಳಸಿ. ವಿಂಡೋಸ್‌ನವರು ಡಬ್ಲ್ಯುಎಸ್‌ಎಲ್ ಒಳಗೆ ಮಾಡಿ.

ನಿಧಾನ ಅನ್ನಿಸಿದ್ರೆ ತಪ್ಪು ಬಿಚ್ಚೋದರದ್ದಲ್ಲ, ಮತ್ತೆ ಕಂಪ್ರೆಸ್ ಮಾಡೋದರದ್ದು. ಫಿಲ್ಟರ್‌ನಲ್ಲಿ ಜಿಜಿಪ್‌ಗೆ ಮೈನಸ್ 1 ಕೊಡಿ: ತುಂಡು ಸ್ವಲ್ಪ ದಪ್ಪ, ವೇಗ ಜಾಸ್ತಿ. ಅಥವಾ ಪಿಗ್ಜ್ ಬಳಸಿ. ಜಿಜಿಪ್ ಬರೆದ ಇಬ್ಬರಲ್ಲಿ ಒಬ್ಬರಾದ ಮಾರ್ಕ್ ಆಡ್ಲರ್ ಅವರೇ ಬರೆದಿದ್ದು, ಕಂಪ್ರೆಸ್ ಮಾಡುವಾಗ ಎಲ್ಲ ಕೋರ್ ಬಳಸುತ್ತೆ.

ನಾಲ್ಕೇ ತುಂಡು ಯಾಕೆ ಮಾಡಲಿಲ್ಲ ಅಂತ ಕೇಳಬಹುದು. ಸಣ್ಣ ತುಂಡು ಇದ್ರೆ ಒಬ್ಬರ ಲ್ಯಾಪ್‌ಟಾಪ್ ನಡುರಾತ್ರಿ ಕೈಕೊಟ್ರೂ ಹೋಗೋದು ಒಂದು ತುಂಡಿನ ಕೆಲಸ ಮಾತ್ರ. ವೇಗ ಇರೋ ಲ್ಯಾಪ್‌ಟಾಪ್‌ಗೆ ಹತ್ತು ಹದಿನೈದು ತುಂಡು, ಹಳೇದಕ್ಕೆ ಐದಾರು ಅಂತಲೂ ಹಂಚಬಹುದು.

7. ಕತ್ತರಿಸಿದ ಮೇಲೆ ನಾಲ್ಕು ಪರೀಕ್ಷೆ

ಒಂದು: ಪ್ರತಿ ತುಂಡಿನ ಸಾಲಿನ ಸಂಖ್ಯೆ ನಾಲ್ಕರಿಂದ ಭಾಗ ಹೋಗುತ್ತಾ? ಒಟ್ಟು ಅಲ್ಲ, ಪ್ರತಿ ತುಂಡು.

ಎರಡು: ಪ್ರತಿ ತುಂಡಿನ ಮೊದಲ ಸಾಲು @, ಮೂರನೇ ಸಾಲು + ನಿಂದ ಶುರುವಾಗುತ್ತಾ? ಎರಡೂ ಸೇರಿಸಿ ನೋಡಿ, ಬರೀ @ ನಂಬಬೇಡಿ.

ಮೂರು: ಮೊದಲ ಫೈಲಿನ 7ನೇ ತುಂಡು, ಎರಡನೇ ಫೈಲಿನ 7ನೇ ತುಂಡು, ಎರಡರ ಮೊದಲ ರೀಡ್ ಮತ್ತು ಕೊನೆಯ ರೀಡ್ ಹೆಸರು ಹೊಂದುತ್ತಾ? ಹೆಸರಿನ ಕೊನೆಯ 1, 2 ಅನ್ನೋ ಗುರುತು ಬಿಟ್ಟು ಉಳಿದಿದ್ದು ಒಂದೇ ಇರಬೇಕು.

ನಾಲ್ಕು: ತುಂಡುಗಳನ್ನೆಲ್ಲ ಕ್ರಮವಾಗಿ ಬಿಚ್ಚಿ ಎಂಡಿ5 ತೆಗೀರಿ, ಮೂಲ ಫೈಲ್ ಬಿಚ್ಚಿದ್ದರ ಎಂಡಿ5 ಜೊತೆ ತಾಳೆ ನೋಡಿ. ಕಂಪ್ರೆಸ್ ಆದ ರೂಪದ ಎಂಡಿ5 ಹೋಲಿಸಬೇಡಿ. ಒಳಗಿನ ಡೇಟಾ ಒಂದೇ ಇದ್ರೂ ಹೊರಗಿನ ಬೈಟ್ ಬೇರೆ ಇರುತ್ತೆ.

ಒಂದು ಒಳ್ಳೇ ಸುದ್ದಿಯೂ ಇದೆ. ಪೂರ್ತಿಯಾದ ಜಿಜಿಪ್ ಫೈಲ್‌ಗಳನ್ನ ಒಂದರ ಹಿಂದೆ ಒಂದು ಅಂಟಿಸಿದ್ರೆ ಅದೂ ಒಂದು ಸರಿಯಾದ ಜಿಜಿಪ್ ಫೈಲೇ. ಹಾಗಾಗಿ ತುಂಡುಗಳನ್ನ ವಾಪಸ್ ಸೇರಿಸೋಕೆ ಬಿಚ್ಚಬೇಕಾಗಿಲ್ಲ, ಕ್ಯಾಟ್ ಸಾಕು.

8. ಉತ್ತರ ಕೂಡಿಸೋದೂ ಒಂದು ಕೆಲಸ

ತುಂಡು ಸರಿ ಇದ್ರೂ ಕೂಡಿಸುವಾಗ ಎಡವಬಹುದು. ನಾವು ಪರ್ಸೆಂಟ್‌ಗಳ ಸರಾಸರಿ ತೆಗೆದಿದ್ದು ಇನ್ನೊಂದು ತಪ್ಪು. ಕೊನೆಯ ತುಂಡು ಸಾಮಾನ್ಯವಾಗಿ ಚಿಕ್ಕದು. 25 ಲಕ್ಷ ರೀಡ್ ಇರೋ ತುಂಡಿಗೂ 1 ಲಕ್ಷ ಇರೋ ತುಂಡಿಗೂ ಒಂದೇ ತೂಕ ಕೊಟ್ರೆ ಹೇಗೆ? ಪ್ರತಿ ತುಂಡಿನಿಂದ ಎರಡು ಎಣಿಕೆ ತರಿಸಿ: ಜಿ-ಸಿ ಎಷ್ಟು, ಒಟ್ಟು ಅಕ್ಷರ ಎಷ್ಟು. ಎಣಿಕೆಗಳನ್ನ ಕೂಡಿಸಿ, ಕೊನೆಗೆ ಒಂದೇ ಸಲ ಭಾಗಿಸಿ.

ಕೆಲವು ಕೆಲಸವನ್ನಂತೂ ಹಂಚೋಕೇ ಆಗಲ್ಲ. ಎಣಿಸೋದು, ಟ್ರಿಮ್ ಮಾಡೋದು, ಸಿದ್ಧ ಜೀನೋಮ್ ಮೇಲೆ ರೀಡ್ ಕೂರಿಸೋದು, ಇವೆಲ್ಲ ರೀಡ್ ಅಥವಾ ಜೋಡಿ ಲೆಕ್ಕದಲ್ಲಿ ಸ್ವತಂತ್ರ, ಹಂಚಬಹುದು. ಆದ್ರೆ ನಕಲಿ ರೀಡ್ ಹುಡುಕೋದು? ಅಸಲಿ ಒಂದು ತುಂಡಿನಲ್ಲಿ, ನಕಲು ಇನ್ನೊಂದು ತುಂಡಿನಲ್ಲಿ ಇದ್ರೆ ಎರಡೂ ಲ್ಯಾಪ್‌ಟಾಪ್ ‘ನನ್ನ ಹತ್ರ ಒಂದೇ ಇದೆ’ ಅನ್ನುತ್ತೆ. ರೀಡ್‌ಗಳನ್ನ ಜೋಡಿಸಿ ಜೀನೋಮ್ ಕಟ್ಟೋದು ಇನ್ನೂ ಕಷ್ಟ. ಅಲ್ಲಿ ಪ್ರತಿ ರೀಡ್‌ಗೂ ತನ್ನ ಪಕ್ಕದ ರೀಡ್ ಬೇಕು, ಅದು ಯಾವ ತುಂಡಿನಲ್ಲಿದೆಯೋ ಯಾರಿಗೆ ಗೊತ್ತು. ಅಂಥ ಕೆಲಸಕ್ಕೆ ದೊಡ್ಡ ಮೆಮೊರಿಯ ಒಂದು ಮೆಷಿನ್ನೇ ಬೇಕು.

ಮೊದಲ ತುಂಡನ್ನೇ ಇಡೀ ಫೈಲಿನ ಸ್ಯಾಂಪಲ್ ಅಂತಲೂ ನಂಬಬೇಡಿ. ಮೆಷಿನ್ ತನ್ನ ಗಾಜಿನ ತಟ್ಟೆಯನ್ನ ಭಾಗ ಭಾಗವಾಗಿ ಓದಿ ಅದೇ ಕ್ರಮದಲ್ಲಿ ಬರೆಯುತ್ತೆ, ತಟ್ಟೆಯ ಒಂದು ಅಂಚಿನ ಕ್ವಾಲಿಟಿ ಬೇರೆ ಇರಬಹುದು. ಹದವಾದ ತುಂಡು ಬೇಕಿದ್ರೆ ಇಸ್ಪೀಟ್ ಹಂಚಿದ ಹಾಗೆ ಹಂಚಿ: ಮೊದಲ ರೀಡ್ ಮೊದಲ ತುಂಡಿಗೆ, ಎರಡನೇದು ಎರಡನೇದಕ್ಕೆ, ಐದನೇದು ಮತ್ತೆ ಮೊದಲನೇದಕ್ಕೆ. ಪೈಥಾನ್‌ನಲ್ಲಿ ರೀಡ್ ಸಂಖ್ಯೆಯನ್ನ ನಾಲ್ಕರಿಂದ ಭಾಗಿಸಿ ಶೇಷ ನೋಡಿದ್ರೆ ಆಯ್ತು. ಇದನ್ನೆಲ್ಲ ರೆಡಿಯಾಗಿ ಮಾಡಿಕೊಡೋ ಸೆಕ್‌ಕಿಟ್ ಥರದ ಟೂಲ್ ಇವೆ, ಅದರ ಸ್ಪ್ಲಿಟ್2 ಜೋಡಿ ಫೈಲನ್ನೂ ನೋಡ್ಕೊಳ್ಳುತ್ತೆ. ನಾಳೆ ಕೆಲಸದಲ್ಲಿ ಅದನ್ನೇ ಬಳಸಿ. ಆದ್ರೆ ಒಂದು ಸಲ ಕೈಯಾರೆ ಮಾಡಿ ನೋಡಿದ್ರೆ ಟೂಲ್ ಏನು ಮಾಡ್ತಿದೆ ಅಂತ ಗೊತ್ತಿರುತ್ತೆ.

9. ಸೋಮವಾರ

ಶನಿವಾರ ಸಂಜೆ ಸ್ಕ್ರಿಪ್ಟ್ ಮತ್ತೆ ಬರೆದ್ವಿ. ಈ ಸಲ ಒಬ್ಬರು ಬರೆದ ಸಾಲನ್ನ ಇನ್ನೊಬ್ಬರು ಜೋರಾಗಿ ಓದಿ, ಯಾಕೆ ಅಂತ ಕೇಳಬೇಕು ಅನ್ನೋ ನಿಯಮ ಮಾಡ್ಕೊಂಡ್ವಿ. ಮೊದಲು ಪೂರ್ತಿ ಫೈಲ್ ಮುಟ್ಟಲಿಲ್ಲ. ಹತ್ತೇ ರೀಡ್ ಇರೋ ಪುಟ್ಟ ಫೈಲ್ ಮಾಡಿ, ಮೂರು ಮೂರು ರೀಡ್‌ನ ತುಂಡು ಮಾಡಿ, ಉತ್ತರ ಕೈಯಲ್ಲೇ ಲೆಕ್ಕ ಹಾಕಿ ನೋಡಿದ್ವಿ. ನಾಲ್ಕು ತುಂಡು: 3, 3, 3, 1. ಸರಿ ಬಂತು. ಆಮೇಲೆ ದೊಡ್ಡ ಫೈಲ್. ಭಾನುವಾರ ಬೆಳಗ್ಗೆ ಎಲ್ಲ ತುಂಡಿನ ನಂಬರ್ ಒಂದೇ ಟೇಬಲ್‌ನಲ್ಲಿ ಹಾಕಿ ನಾಲ್ಕೂ ಜನ ಒಟ್ಟಿಗೆ ಕೂತು ನೋಡಿದ್ವಿ. ಎಲ್ಲ ತುಂಡೂ 44ರ ಆಸುಪಾಸು.

ಸೋಮವಾರದ ಸ್ಲೈಡ್‌ನಲ್ಲಿ 23.5 ಅನ್ನೋ ತಪ್ಪು ಉತ್ತರವನ್ನ ಅಳಿಸಲಿಲ್ಲ. ಪಕ್ಕದಲ್ಲೇ ಇಟ್ಟು, ಯಾಕೆ ಬಂತು ಅಂತ ವಿವರಿಸಿದ್ವಿ. ಹೆಚ್ಚು ಪ್ರಶ್ನೆ ಬಂದಿದ್ದು ಆ ಸ್ಲೈಡ್‌ಗೇ.

ನಿಮಗೆ ಮೂರು ಅಭ್ಯಾಸ:

ಅ) ಹತ್ತು ರೀಡ್‌ನ ಪುಟ್ಟ ಫೈಲ್ ಮಾಡಿ. ಅದರಲ್ಲಿ ಎರಡು ರೀಡ್‌ನ ಕ್ವಾಲಿಟಿ ಸಾಲು @ ನಿಂದ ಶುರುವಾಗಲಿ. @ ನಿಂದ ಶುರುವಾಗೋ ಸಾಲು ಎಣಿಸಿದ್ರೆ ಎಷ್ಟು ಬರುತ್ತೆ? ನಾಲ್ಕರಿಂದ ಭಾಗಿಸಿದ್ರೆ ಎಷ್ಟು?

ಆ) ಅದೇ ಫೈಲನ್ನ 7 ಸಾಲಿನಂತೆ ಕತ್ತರಿಸಿ. ಯಾವ್ಯಾವ ತುಂಡು ಹೆಸರಿನ ಸಾಲಿನಿಂದ ಶುರುವಾಗುತ್ತೆ? ಮೊದಲು ಪೇಪರ್‌ನಲ್ಲಿ ಲೆಕ್ಕ ಹಾಕಿ, ಆಮೇಲೆ ಓಡಿಸಿ.

ಇ) ಜಿಜಿಪ್ ಮಾಡಿದ ಎರಡು ಸಣ್ಣ ಫೈಲನ್ನ ಕ್ಯಾಟ್‌ನಿಂದ ಅಂಟಿಸಿ ಬಿಚ್ಚಿ ನೋಡಿ. ಆಮೇಲೆ ಒಂದನ್ನ ಬೈಟ್ ಲೆಕ್ಕದಲ್ಲಿ ನಡುವೆ ಕತ್ತರಿಸಿ ಬಿಚ್ಚಿ ನೋಡಿ.

ಉತ್ತರ ತಗೊಂಡು ಕ್ಲಬ್‌ನ ಮುಂದಿನ ಮೀಟಿಂಗ್‌ಗೆ ಬನ್ನಿ. ತಪ್ಪು ಉತ್ತರ ಬಂದಿದ್ರೆ ಅದನ್ನೂ ತನ್ನಿ, ಅದೇ ಜಾಸ್ತಿ ಚೆನ್ನಾಗಿರುತ್ತೆ.